ಗಾಜಿನ ತೊಟ್ಟಿಯ ಮೀನೂ ಮಲೆನಾಡಿನ ನೀರೂ



ಶೃಂಗೇರಿಗೆ ಹೋದವರು ತುಂಗೆಯ ಸೋಪಾನಗಳ ಮೇಲೆ ನಿಂತು ಮೀನುಗಳಿಗೆ ಒಂದು ಹಿಡಿ ಪುರಿಯನ್ನು ಹಾಕದೆ ಹಿಂದಿರುಗುವುದು ಅಪರೂಪ. ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯ್ದೆರೆಯುವುದನ್ನು ಕಂಡ ಮಕ್ಕಳು, ನಮ್ಮ ಮನೆಯಲ್ಲಿಯೂ ಮೀನು ಸಾಕೋಣವೆಂದು ಹಟ ಹಿಡಿಯುತ್ತಾರೆ. ತಂದೆಯಾದವನು ಮುಂದೆ ಬೆಂಗಳೂರಿಗೆ ಹೋದಾಗ ಗಾಜಿನ ತೊಟ್ಟಿಯನ್ನೂ ಹತ್ತು ಬಣ್ಣದ ಮೀನುಗಳನ್ನೂ ಒಂದೇ ದಿನ ಕೊಂಡು ತರುತ್ತಾನೆ. ಎರಡು ಮೂರು ವಾರದೊಳಗೆ ಮೀನುಗಳು ಸಾಯುತ್ತವೆ. ತೊಟ್ಟಿಯು ಅಟ್ಟವನ್ನು ಸೇರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆ ನಾನು ಇಂಥ ತೊಟ್ಟಿಗಳನ್ನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ಒಂದು ಕಾಲದಲ್ಲಿ ನನ್ನ ಮನೆಯಲ್ಲಿಯೂ ಅಂಥದೊಂದು ಇದ್ದಿತು.

ತುಂಗೆಯ ಮೀನಿನ ಆರೋಗ್ಯಕ್ಕೆ ಯಾವ ವೈದ್ಯನೂ ಬೇಡ. ಅದರ ಮಲಿನವನ್ನು ಹೊಳೆಯು ಕ್ಷಣಕ್ಷಣಕ್ಕೂ ಒಯ್ಯುತ್ತದೆ. ತೊಟ್ಟಿಯ ಮೀನಾದರೋ ತನ್ನ ಮಲಿನದಲ್ಲಿಯೇ ಉಸಿರಾಡಬೇಕು. ಆದಕಾರಣ ಹೊಸಬನು ತಿಳಿಯಬೇಕಾದ ಮೊದಲನೆಯ ಮಾತು ಇದು: ನಾವು ಸಾಕುವುದು ಮೀನನ್ನಲ್ಲ, ನೀರನ್ನು. ನೀರು ನೆಟ್ಟಗಿದ್ದರೆ ಮೀನು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಮೀನು ತನ್ನ ಕಿವಿರುಗಳಿಂದ ಅಮೋನಿಯವೆಂಬ ವಿಷವನ್ನು ಸದಾ ಹೊರಚೆಲ್ಲುತ್ತಿರುತ್ತದೆ. ತಿಂದು ಉಳಿದ ಆಹಾರವು ಕೊಳೆತಾಗಲೂ ಇದೇ ಹುಟ್ಟುತ್ತದೆ. ಇದನ್ನು ತಿಂದು ಬದುಕುವ ಸೂಕ್ಷ್ಮಾಣುಗಳು ಕೆಲವುಂಟು. ಅವು ಅಮೋನಿಯವನ್ನು ನೈಟ್ರೈಟ್ ಎಂಬ ಲವಣವನ್ನಾಗಿ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಬೇರೊಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸಿದ ಮೇಲೆಯೇ ಅಪಾಯವು ಬಹುಮಟ್ಟಿಗೆ ತಗ್ಗುವುದು. ಹೊಸ ತೊಟ್ಟಿಯಲ್ಲಿ ಈ ಸೇವಕರು ಇಲ್ಲ. ಅವರು ಬಂದು ನೆಲೆಸುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಚಳಿಯಲ್ಲಿ ಇನ್ನೂ ಹೆಚ್ಚು. ಮೀನುಗಳು ಎರಡನೆಯ ವಾರದಲ್ಲಿ ಸಾಯುವುದರ ರಹಸ್ಯವು ಇಷ್ಟೇ. ಆದ್ದರಿಂದ ತೊಟ್ಟಿಯನ್ನು ತುಂಬಿ, ಶೋಧಕವನ್ನು ನಡೆಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೇ ಹಾಕುತ್ತ ಕಾಯಬೇಕು. ಮಿತ್ರರ ಹಳೆಯ ತೊಟ್ಟಿಯಿಂದ ಶೋಧಕದ ಸ್ಪಂಜಿನ ಒಂದು ತುಂಡು ದೊರೆತರೆ, ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸವು ಬೇಗ ಆಗುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವೆಂದು ಅಂಗಡಿಯಲ್ಲಿ ದೊರೆಯುವ ಪರೀಕ್ಷೆಯ ದ್ರಾವಣಗಳಿಂದ ತಿಳಿದ ಮೇಲೆಯೇ ಮೀನನ್ನು ತರತಕ್ಕದ್ದು.

ಇಷ್ಟು ಎಲ್ಲ ಊರಿಗೂ ಸಲ್ಲುವ ಮಾತಾಯಿತು. ಆದರೆ ಕಾಫಿಯ ಬೆಟ್ಟಗಳ ನೀರಿಗೆ ತನ್ನದೇ ಆದ ಗುಣವುಂಟು. ಇಲ್ಲಿ ಮಳೆ ವಿಶೇಷ. ಬಂಡೆಗಳು ಬಹು ಪ್ರಾಚೀನವಾದವು, ಸುಲಭವಾಗಿ ಕರಗತಕ್ಕವಲ್ಲ. ಹಳ್ಳದ ನೀರು ಅವುಗಳ ಮೇಲೆ ಓಡಿ ಬರುವಾಗ ಸುಣ್ಣದ ಅಂಶವನ್ನು ಹೆಚ್ಚಾಗಿ ಹೊತ್ತು ತರುವುದಿಲ್ಲ. ಇಂಥದನ್ನು ಮೃದುಜಲವೆನ್ನುತ್ತೇವೆ. ಇದರಲ್ಲಿ ಸಾಬೂನು ಬೇಗ ನೊರೆ ಬಿಡುತ್ತದೆ. ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳ ಗಡುಸು ನೀರಿನಲ್ಲಿ ನೊರೆಯೇ ಏಳದು. ಗಡುಸು ನೀರಿಗೆ ಒಗ್ಗಿದ ಮೀನನ್ನು ತಂದು ಮೃದುಜಲಕ್ಕೆ ಒಮ್ಮೆಲೆ ಸುರಿದರೆ ಅದರ ದೇಹವು ತತ್ತರಿಸುತ್ತದೆ. ಚೀಲದ ನೀರಿಗೆ ತೊಟ್ಟಿಯ ನೀರನ್ನು ಐದು ನಿಮಿಷಕ್ಕೊಮ್ಮೆ ಅರ್ಧ ಲೋಟದಂತೆ ಬೆರಸುತ್ತ, ಒಂದು ಗಂಟೆಯ ಬಳಿಕ ಮೀನನ್ನು ಮಾತ್ರ ಬಲೆಯಿಂದೆತ್ತಿ ಬಿಡಬೇಕು.

ಮೃದುಜಲದ ಮತ್ತೊಂದು ದೋಷವೆಂದರೆ ಅದಕ್ಕೆ ಹುಳಿಯನ್ನು ತಡೆಯುವ ಬಲವಿಲ್ಲ. ಮೇಲೆ ಹೇಳಿದ ಸೂಕ್ಷ್ಮಾಣುಗಳು ಕೆಲಸ ಮಾಡಿದಂತೆಲ್ಲ ನೀರು ಆಮ್ಲವಾಗುತ್ತ ಹೋಗಿ, ಕೊನೆಗೆ ಅವುಗಳ ಕೆಲಸವೇ ನಿಂತುಬಿಡುತ್ತದೆ. ಸಮುದ್ರತೀರದ ಚಿಪ್ಪುಗಳನ್ನು ಒಂದು ಹಿಡಿ ಕುದಿಸಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ಶೋಧಕದ ಬಳಿ ಇರಿಸಿದರೆ ಅವು ಮೆಲ್ಲಮೆಲ್ಲನೆ ಕರಗಿ ಈ ಕೊರತೆಯನ್ನು ತುಂಬುತ್ತವೆ. ಎಲೆಯಡಕೆಯ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬಾರದು. ಅದು ನೀರನ್ನು ಕ್ಷಣಮಾತ್ರದಲ್ಲಿ ಕ್ಷಾರವಾಗಿಸುತ್ತದೆ. ಆಮ್ಲದಲ್ಲಿ ಅಡಗಿದ್ದ ಅಮೋನಿಯವು ಆಗ ತನ್ನ ಉಗ್ರರೂಪವನ್ನು ತಾಳುತ್ತದೆ.

ಇನ್ನು ತಾಮ್ರದ ವಿಷಯ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಬಂಧುಗಳ ತೋಟದ ಹಳ್ಳದಿಂದ ಎರಡು ಕೊಡ ನೀರನ್ನು ತರಿಸಿ ತೊಟ್ಟಿಗೆ ತುಂಬಿದೆ. ಸ್ಫಟಿಕದಂಥ ನೀರು, ನಲ್ಲಿಯ ನೀರಿಗಿಂತ ಇದೇ ಶ್ರೇಷ್ಠವೆಂದು ಮನೆಯವರಿಗೆ ಉಪನ್ಯಾಸವನ್ನೂ ಮಾಡಿದೆ. ಬೆಳಗಾಗುವಷ್ಟರಲ್ಲಿ ಒಂದು ಮೀನೂ ಉಳಿದಿರಲಿಲ್ಲ. ನಾನು ಮಾರಿದವನನ್ನು ದೂರಿದೆ. ನನ್ನ ಕಿರಿಯ ಮಗಳು ಮಾತ್ರ, "ಅಪ್ಪ, ನಿನ್ನೆ ಹಾಕಿದ ನೀರು ಎಲ್ಲಿಯದು?" ಎಂದು ಕೇಳಿದಳು. ವಿಚಾರಿಸಿದಾಗ, ಆ ವಾರವೇ ಮೇಲಿನ ತೋಟದಲ್ಲಿ ಮದ್ದು ಹೊಡೆದಿದ್ದರೆಂದೂ, ಮರುದಿನ ಮಳೆ ಸುರಿದಿತ್ತೆಂದೂ ತಿಳಿಯಿತು. ನೀರನ್ನು ನಾನು ಪರೀಕ್ಷೆ ಮಾಡಿಸಲಿಲ್ಲ. ಆದರೂ ಅಪರಾಧಿ ಯಾರೆಂಬುದರಲ್ಲಿ ನನಗೆ ಹೆಚ್ಚಿನ ಸಂದೇಹ ಉಳಿಯಲಿಲ್ಲ.

ಮದ್ದೆಂದರೆ ಬೋರ್ಡೋ ದ್ರಾವಣ. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಕೂಡಿಸಿದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದು ಮಲೆನಾಡಿಗೆ ಮಹದುಪಕಾರ ಮಾಡಿದರು. ಕಾಫಿಯ ಎಲೆತುಕ್ಕಿಗೂ ಮಳೆಗಾಲದ ಮೊದಲು ಮತ್ತು ಅನಂತರ ಇದನ್ನು ಸಿಂಪಡಿಸುತ್ತಾರೆ. ಗಿಡವನ್ನು ಉಳಿಸುವ ತಾಮ್ರವೇ ಮೀನಿಗೆ ಯಮ. ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ಸಹ ಮೃದುಜಲದಲ್ಲಿ ಅಪಾಯಕರ. ಗಡುಸು ನೀರಿನಲ್ಲಿ ಸುಣ್ಣದ ಕಣಗಳು ಕಿವಿರಿನ ಬಾಗಿಲುಗಳನ್ನು ಮೊದಲೇ ಆಕ್ರಮಿಸಿಕೊಂಡು ತಾಮ್ರಕ್ಕೆ ಎಡೆಗೊಡುವುದಿಲ್ಲ. ನಮ್ಮ ನೀರಿನಲ್ಲಿ ಆ ಕಾವಲುಗಾರರೇ ಇಲ್ಲ. ಮೀನಿನ ರೋಗಗಳಿಗೆಂದು ಮಾರುವ ಕೆಲವು ಔಷಧಗಳಲ್ಲಿಯೂ ತಾಮ್ರವಿರುವುದರಿಂದ, ಸೀಸೆಯ ಮೇಲಿನ ಬರಹವನ್ನು ಓದದೆ ಒಂದು ತೊಟ್ಟನ್ನೂ ಹಾಕಬಾರದು.

ನವೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣು ಕುಯ್ಯುವ ಕಾಲ. ಪಲ್ಪಿಂಗ್ ಮನೆಯಿಂದ ಸಿಪ್ಪೆ ಲೋಳೆಗಳ ನೀರು ಎಲ್ಲಿಯಾದರೂ ಹಳ್ಳಕ್ಕೆ ಸೋರಿದರೆ, ಅದರ ಸಕ್ಕರೆಯು ಕೊಳೆಯುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಆದುದರಿಂದ ತೋಟಗಳ ಕೆಳಗಣ ಹಳ್ಳದ ನೀರನ್ನು ತೊಟ್ಟಿಗೆ ತಾರದಿರುವುದೇ ಲೇಸು. ಬಾವಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ಗಾಳಿಗಿಟ್ಟು ಬಳಸಬಹುದು. ನಲ್ಲಿಯ ನೀರಿನ ಕ್ಲೋರಿನ್ನೂ ಬಹುಮಟ್ಟಿಗೆ ಹೀಗೆಯೇ ಹೋಗುತ್ತದೆ. ಅವಸರವಿದ್ದರೆ ಕ್ಲೋರಿನ್ ಕಳೆಯುವ ದ್ರಾವಣವು ದೊರೆಯುತ್ತದೆ.

ಮೂರನೆಯದು ಚಳಿ. ಮೀನಿಗೆ ಸ್ವಂತ ಮೈಬಿಸಿಯಿಲ್ಲ. ನೀರಿನ ಶಾಖವೇ ಅದರ ಶಾಖ. ಉಷ್ಣದೇಶದ ಮೀನುಗಳಿಗೆ 24ರಿಂದ 26 ಡಿಗ್ರಿ ಬೇಕು. ಜನವರಿಯ ರಾತ್ರಿ ನಮ್ಮ ಊರುಗಳ ಗಾಳಿಯು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಚಳಿಯಿಂದ ಕುಗ್ಗಿದ ಮೀನಿನ ಮೈಮೇಲೆ ರವೆಯ ಕಾಳು ಸಿಡಿದಂತೆ ಬಿಳಿಯ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಇದೊಂದು ಪರೋಪಜೀವಿಯ ರೋಗ. ಎರಡು ದಿನಗಳಲ್ಲಿ ಮೆಲ್ಲಗೆ ಶಾಖವನ್ನು 29 ಡಿಗ್ರಿಗೆ ಏರಿಸಿ, ಗಾಳಿಯನ್ನು ಹೆಚ್ಚಿಸಿ, ಲೀಟರಿಗೆ ಒಂದೆರಡು ಗ್ರಾಂ ಅಯೋಡಿನ್ ಇಲ್ಲದ ಉಪ್ಪನ್ನು ಕರಗಿಸಿದರೆ, ಬೇಗ ಕಂಡುಹಿಡಿದ ಪಕ್ಷದಲ್ಲಿ ಅನೇಕ ಮೀನುಗಳು ಉಳಿಯುತ್ತವೆ. ಆದರೆ ಲೀಟರಿಗೆ ಒಂದು ವಾಟಿನಂತೆ ಶಾಖೋತ್ಪಾದಕವನ್ನು ಮೊದಲೇ ಇಟ್ಟಿದ್ದರೆ ಈ ಪ್ರಸಂಗವೇ ವಿರಳ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋಗುವುದು ಮಲೆನಾಡಿಗರಿಗೆ ಹೊಸದಲ್ಲ. ಆಗ ತೊಟ್ಟಿಯ ಸುತ್ತ ಕಂಬಳಿಯನ್ನು ಹೊದಿಸಿ, ಬ್ಯಾಟರಿಯ ಗಾಳಿಯಂತ್ರವನ್ನು ನಡೆಸಿ, ಆಹಾರವನ್ನು ನಿಲ್ಲಿಸಬೇಕು. ಆರೋಗ್ಯವಾದ ಮೀನು ಒಂದು ವಾರ ಉಪವಾಸವಿರಬಲ್ಲದು. ಕೊಳೆತ ನೀರಿನಲ್ಲಿ ಒಂದು ರಾತ್ರಿ ಇರಲಾರದು.

ಯಾವ ಮೀನನ್ನು ತರಬೇಕು? ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿಯು ಸುಮಾರು 54 ಲೀಟರ್ ಹಿಡಿಯುತ್ತದೆ. ಇದರಲ್ಲಿ ಎಂಟು ಹತ್ತು ಚಿಕ್ಕ ಮೀನುಗಳು ಸಾಕು. ಹೊಸಬರಿಗೆ ಜೀಬ್ರಾ ಡೇನಿಯೊ ಅತ್ಯುತ್ತಮ. ಸ್ವಲ್ಪ ಚಳಿಯನ್ನೂ ಸಹಿಸುತ್ತದೆ, ಆರರ ಗುಂಪಿನಲ್ಲಿ ಸಂತೋಷವಾಗಿರುತ್ತದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ನರೇ, ಹ್ಯಾಮಿಲ್ಟನ್ ಎಂಬ ಹೆಸರಿನಿಂದ, 1822ರಲ್ಲಿ ಈ ಮೀನನ್ನು ವಿದ್ವಾಂಸರಿಗೆ ಪರಿಚಯಿಸಿದರು. ಚೀನದ ಬೆಟ್ಟದ ತೊರೆಗಳಿಂದ ಬಂದ ವೈಟ್ ಕ್ಲೌಡ್ ಮೀನೂ ನಮ್ಮ ತಂಪಿಗೆ ಹೊಂದುತ್ತದೆ. ಗಪ್ಪಿಯು ಗಡುಸು ನೀರನ್ನು ಬಯಸತಕ್ಕದ್ದು. ಚಿಪ್ಪಿನ ಚೀಲವಿಲ್ಲದೆ ಇಲ್ಲಿ ಸೊರಗುತ್ತದೆ.

ನಿತ್ಯಕರ್ಮವು ಅಲ್ಪ. ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲುಭಾಗ ನೀರಿನ ಬದಲಾವಣೆ. ಹೊಸ ನೀರು ತೊಟ್ಟಿಯಷ್ಟೇ ಬೆಚ್ಚಗಿರಲಿ. ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿರಿ. ನಲ್ಲಿಯ ಕೆಳಗೆ ತೊಳೆದರೆ ಸೇವಕರೆಲ್ಲ ಕೊಚ್ಚಿಹೋಗುತ್ತಾರೆ.

ಬೇಸರ ಬಂತೆಂದು ಮೀನುಗಳನ್ನು ಭದ್ರೆಗೋ ಹೇಮಾವತಿಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಕೆಲವರು ತಿಳಿಯುತ್ತಾರೆ. ಇದು ಪುಣ್ಯವಲ್ಲ. ಸೊಳ್ಳೆಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯಾ ಮೀನು ಈಗ ನಾಡಿನ ಎಷ್ಟೋ ಕೆರೆಗಳಲ್ಲಿ ನೆಲೆಯೂರಿ, ಸ್ಥಳೀಯ ಮೀನುಗಳ ಮರಿಗಳನ್ನು ತಿನ್ನುತ್ತಿದೆ. ಬೇಡವಾದ ಮೀನನ್ನು ಮತ್ತೊಬ್ಬ ಸಾಕುವವನಿಗೆ ಕೊಡಿರಿ.

ಮಾರನೆಯ ವರ್ಷ ನಾನು ತೊಟ್ಟಿಯನ್ನು ಅಟ್ಟದಿಂದ ಇಳಿಸಿ, ಆರು ವಾರ ಬರಿಯ ನೀರನ್ನೇ ಸಾಕಿದೆ. ನೋಡಿದವರು ನಕ್ಕರು. ಏಳನೆಯ ವಾರ ಆರು ಡೇನಿಯೊಗಳು ಬಂದವು; ಒಂದೂ ಸಾಯಲಿಲ್ಲ. ಈಗ ತೋಟದಲ್ಲಿ ಮದ್ದು ಹೊಡೆಯುವ ದಿನ ಬಂದರೆ ಮಗಳು ಹಳ್ಳದ ಕಡೆ ಹೋಗಿ ನೋಡಿಬರುತ್ತಾಳೆ. ಮನೆಯ ಆರು ಮೀನುಗಳ ನೀರಿನ ಚಿಂತೆಯಿಂದ ಹೊರಟವಳು, ಹೊಳೆಯ ಸಾವಿರ ಮೀನುಗಳ ನೀರಿನ ಚಿಂತೆಗೆ ಬಂದಿದ್ದಾಳೆ. ಗಾಜಿನ ತೊಟ್ಟಿಯಿಂದ ಇದಕ್ಕಿಂತ ಹೆಚ್ಚಿನ ಪ್ರಯೋಜನವನ್ನು ನಾನು ನಿರೀಕ್ಷಿಸಿರಲಿಲ್ಲ.