ಪದವಿ ಮುಗಿದ ಮೇಲೆ ಮಾಧ್ಯಮದ ಕೆಲಸ: ಪಾಮನಕಲ್ಲೂರಿನಂಥ ಊರಿನ ಮಕ್ಕಳಿಗೆ ದಾರಿ ಯಾವುದು?

2020ರ ಕೊನೆಗೆ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತರು. ನೂರು ದಿನ ದಾಟಿದ ಆ ಹೋರಾಟ 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ಉಪಚುನಾವಣೆಯ ದೊಡ್ಡ ವಿಷಯವಾಯಿತು. ಅಲ್ಲಿಯವರೆಗೆ ನಕ್ಷೆಯಲ್ಲಿ ಹುಡುಕಬೇಕಿದ್ದ ಊರಿನ ಹೆಸರು ರಾಜ್ಯದ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಬಂತು. ಇಂಥ ಸುದ್ದಿಯನ್ನು ದಿನದಿನವೂ ಮುಟ್ಟಿಸುವವರು ತಾಲ್ಲೂಕಿನ ಅರೆಕಾಲಿಕ ವರದಿಗಾರರು. ಬೈಕ್ ಮೇಲೆ ಹೋಗಿ, ಫೋಟೊ ತೆಗೆದು, ಸಂಜೆಯೊಳಗೆ ಟೈಪ್ ಮಾಡಿ ಕಳಿಸುವುದು ಅವರ ಕೆಲಸ. ಮಾಧ್ಯಮ ಎಂದರೆ ಬೆಂಗಳೂರು ಎಂದು ತಿಳಿದ ಮನೆಗಳು ಇದನ್ನು ಗಮನಿಸಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ನಮ್ಮ ಸಮಾಜದ ಮನೆಗಳಲ್ಲಿ ಹೆಚ್ಚಿನವು ಅಂಗಡಿಯ ಮನೆಗಳು. ಮಗ ಬಿ.ಎ. ಅಥವಾ ಬಿ.ಕಾಂ. ಮುಗಿಸಿ ಬಂದರೆ ಗಲ್ಲಾ ಮೇಲೆ ಕೂಡುತ್ತಾನೆ, ಮಗಳಿಗೆ ಸಂಬಂಧ ನೋಡುತ್ತಾರೆ. ಬರೆಯುವ, ಮಾತಾಡುವ, ಕ್ಯಾಮೆರಾ ಹಿಡಿಯುವ ಆಸೆ ಇದ್ದ ಮಕ್ಕಳು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಹೇಳಿದರೂ ತಂದೆಯ ಮೊದಲ ಪ್ರಶ್ನೆ, 'ಅಲ್ಲಿ ಯಾರು ಪರಿಚಯ ಇದ್ದಾರೆ?' ಪ್ರಶ್ನೆ ಸರಿಯಾದದ್ದೇ. ಆದರೆ ಪರಿಚಯ ಎಂದಾಗ ಮನಸ್ಸಿನಲ್ಲಿ ಇರುವುದು ವಶೀಲಿ. ಎರಡೂ ಬೇರೆ.

ವಶೀಲಿ ಎಂದರೆ ಯಾರೋ ದೊಡ್ಡವರಿಂದ ಫೋನ್ ಮಾಡಿಸಿ ಕೆಲಸ ಕೇಳುವುದು. ಸುದ್ದಿಮನೆಯಲ್ಲಿ ಅದು ಹೆಚ್ಚು ದಿನ ನಡೆಯದು, ಏಕೆಂದರೆ ಬರೆದದ್ದು ಮರುದಿನ ಎಲ್ಲರ ಕಣ್ಣಿಗೆ ಬೀಳುತ್ತದೆ. ಪರಿಚಯ ಎಂದರೆ ಕೆಲಸ ಮಾಡುತ್ತಿರುವವರ ಹತ್ತಿರ ಹೋಗಿ, 'ನಿಮ್ಮ ದಿನ ಹೇಗೆ ಸಾಗುತ್ತದೆ, ನಾನು ಬರೆದದ್ದನ್ನು ಒಮ್ಮೆ ನೋಡುತ್ತೀರಾ' ಎಂದು ಕೇಳುವುದು. ಇದಕ್ಕೆ ಹಣ ಬೇಡ. ವ್ಯಾಪಾರಸ್ಥರ ಮನೆಗೆ ಇದು ಸುಲಭವೂ ಹೌದು. ಹಬ್ಬದ ಜಾಹೀರಾತಿನ ಬಿಲ್ಲಿನ ನೆಪದಲ್ಲಿ ಪತ್ರಿಕೆಯ ಏಜೆಂಟರು, ವರದಿಗಾರರು ಅಂಗಡಿಗೆ ಬಂದೇ ಬರುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸುವ ಮೊದಲು ಮಗಳನ್ನೋ ಮಗನನ್ನೋ ಕರೆದು ಮಾತಾಡಿಸಿದರೆ ಅಲ್ಲಿಂದಲೇ ಶುರು. ಜಾಹೀರಾತು ಕೊಡುತ್ತೇವೆ, ಹುಡುಗನಿಗೆ ಕೆಲಸ ಕೊಡಿ ಎಂದು ಮಾತ್ರ ಎಂದೂ ಹೇಳಬಾರದು. ಹಾಗೆ ಒಳಗೆ ಹೋದ ಹುಡುಗನನ್ನು ಕಚೇರಿಯವರು ಜಾಹೀರಾತು ತರುವವನೆಂದೇ ನೋಡುತ್ತಾರೆ.

ಕಲಿಕೆಗೆ ಸಮಾಜದ ಕಾರ್ಯಕ್ರಮಗಳೇ ಒಳ್ಳೆಯ ಜಾಗ. ಚಾತುರ್ಮಾಸದ ಪ್ರವೇಶ, ಮಹಾವೀರ ಜಯಂತಿಯ ಮೆರವಣಿಗೆ, ರಕ್ತದಾನ ಶಿಬಿರ, ಎಲ್ಲಕ್ಕೂ ಪತ್ರಿಕಾ ಪ್ರಕಟಣೆ ಬೇಕು. ಸಾಮಾನ್ಯವಾಗಿ ಇದನ್ನು ಯಾರೋ ಹಿರಿಯರು ಕೈಯಲ್ಲಿ ಬರೆದು ಕಳಿಸುತ್ತಾರೆ. ಅರ್ಧ ಪುಟ ಗಣ್ಯರ ಹೆಸರೇ ಇರುತ್ತದೆ, ಏನು ನಡೆಯಿತು ಎಂಬುದು ಕೊನೆಯ ಸಾಲಿನಲ್ಲಿ! ಇದನ್ನು ಕಾಲೇಜಿನ ಮಕ್ಕಳಿಗೆ ಒಪ್ಪಿಸಬೇಕು. ಏನಾಯಿತು, ಎಲ್ಲಿ, ಯಾವಾಗ ಎಂಬುದು ಮೊದಲ ಎರಡು ಸಾಲಿನಲ್ಲಿ ಬರಬೇಕು. ಹೆಸರು, ಇನಿಷಿಯಲ್ ತಪ್ಪಬಾರದು. ಫೋಟೊದಲ್ಲಿ ಯಾರು ಯಾರಿದ್ದಾರೆಂದು ಕೆಳಗೆ ಬರೆಯಬೇಕು. ಯೂನಿಕೋಡ್ ಮತ್ತು ನುಡಿ ಎರಡರಲ್ಲೂ ಟೈಪ್ ಮಾಡಲು ಬರಬೇಕು. ಅಚ್ಚಾದ ಮೇಲೆ ತಾವು ಕಳಿಸಿದ ಪ್ರತಿಯ ಪಕ್ಕ ಇಟ್ಟು ಯಾವ ಸಾಲು ಕತ್ತರಿಸಿದ್ದಾರೆ ಎಂದು ನೋಡಿದರೆ ಅದೇ ಪಾಠ. ಹತ್ತು ಪ್ರಕಟಣೆ ಇಂಥವು ಫೈಲಿನಲ್ಲಿದ್ದರೆ ಇಂಟರ್ನ್‌ಶಿಪ್ ಕೇಳಲು ಕೈಯಲ್ಲಿ ಏನೋ ಇದೆ ಎಂದಾಯಿತು.

ಇಂಟರ್ನ್‌ಶಿಪ್ ಎಂದರೆ ಕಚೇರಿಯಲ್ಲಿ ಕೆಲವು ವಾರ ಅಥವಾ ತಿಂಗಳು ಕೂತು ಕೆಲಸ ಕಲಿಯುವುದು. ಪತ್ರಿಕೋದ್ಯಮ ಓದುವವರಿಗೆ ವಿಭಾಗದ ಮುಖ್ಯಸ್ಥರ ಪತ್ರ ಸಿಗುತ್ತದೆ, ಅದನ್ನು ಹಿಡಿದು ಪತ್ರಿಕೆ ಅಥವಾ ಚಾನೆಲ್‌ಗೆ ಬರೆಯಬಹುದು. ಬೇರೆ ಪದವಿಯವರು ನೇರವಾಗಿ ಕೇಳಬೇಕು, ಮೂರು ನಾಲ್ಕು ಕಡೆ ಉತ್ತರವೇ ಬರದಿದ್ದರೂ ಬೇಸರಪಡಬಾರದು. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ. ಸಮಾಜದ ಅನೇಕ ಮನೆಗಳಿಗೆ ಗೊತ್ತಿರುವ ಉಜಿರೆಯ ಎಸ್‌.ಡಿ.ಎಂ. ಕಾಲೇಜಿನಲ್ಲೂ ಈ ವಿಷಯ ಓದಬಹುದು. ರಾಯಚೂರು ಆಕಾಶವಾಣಿ ಹತ್ತಿರದ ಜಾಗ. ಧ್ವನಿ, ಉಚ್ಚಾರ ಚೆನ್ನಾಗಿದ್ದವರು ಅಲ್ಲಿ ವಿಚಾರಿಸಬೇಕು.

ಇನ್ನೊಂದು ಊರನ್ನು ನಮ್ಮವರು ಮರೆಯುತ್ತಾರೆ, ಹೈದರಾಬಾದ್. ರಾಯಚೂರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಸರಕು ತರಲು ಹೋಗುವ ಊರು, ಬಂಧುಗಳೂ ಇರುತ್ತಾರೆ. 2019ರಲ್ಲಿ ಶುರುವಾದ ಈಟಿವಿ ಭಾರತ್ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಸುದ್ದಿ ಕೊಡುತ್ತದೆ, ಅದರ ಮುಖ್ಯ ನೆಲೆ ಅಲ್ಲಿನ ರಾಮೋಜಿ ಫಿಲ್ಮ್ ಸಿಟಿ. ಮನೆಯಲ್ಲಿ ಮಾರವಾಡಿ, ಅಂಗಡಿಯಲ್ಲಿ ಕನ್ನಡ, ಗಿರಾಕಿಯೊಂದಿಗೆ ತೆಲುಗು, ಹಿಂದಿ ಆಡುವ ಮಕ್ಕಳಿಗೆ ಅನುವಾದದ ಕೆಲಸದಲ್ಲಿ ಬೇಡಿಕೆ ಇದೆ. ಇದು ದೊಡ್ಡ ಆಸ್ತಿ ಎಂದು ಆ ಮಕ್ಕಳಿಗೇ ಗೊತ್ತಿರುವುದಿಲ್ಲ. ಸುದ್ದಿ ಒಂದೇ ಅಲ್ಲ, ಬೀಜದ ಕಂಪನಿ, ಆಸ್ಪತ್ರೆ, ಸಹಕಾರಿ ಬ್ಯಾಂಕು, ಸ್ವಯಂಸೇವಾ ಸಂಸ್ಥೆಗಳಿಗೂ ಪ್ರಚಾರ ಬರೆಯುವವರು, ವಿಡಿಯೊ ಮಾಡುವವರು ಬೇಕು.

ಖರ್ಚಿನ ಮಾತು ನೇರವಾಗಿ ಆಡಬೇಕು. ಎಷ್ಟೋ ಇಂಟರ್ನ್‌ಶಿಪ್‌ಗಳಲ್ಲಿ ಸಂಬಳ ಇಲ್ಲ. ಕೊಠಡಿ ಬಾಡಿಗೆ, ಊಟ, ಬಸ್ಸು ಮನೆಯವರ ತಲೆಯ ಮೇಲೆ. ಇದೇ ಕಾರಣಕ್ಕೆ ಹಣವಿಲ್ಲದ ಮನೆಯ ಜಾಣ ಮಕ್ಕಳು ಹಿಂದೆ ಬೀಳುತ್ತಾರೆ. ಸಮಾಜದ ವಿದ್ಯಾರ್ಥಿ ನಿಲಯಗಳು ಓದುವವರಿಗೆ ಕೊಡುವ ಜಾಗವನ್ನು ಇಂಟರ್ನ್‌ಶಿಪ್‌ಗೆ ಬಂದವರಿಗೂ ಎರಡು ತಿಂಗಳು ಕೊಟ್ಟರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅರ್ಧ ತೊಂದರೆ ತೀರುತ್ತದೆ. ಸಂಬಳವಿಲ್ಲದ ಕೆಲಸ ಮೂರು ತಿಂಗಳು ಮೀರಿದರೆ ಅದು ಕಲಿಕೆಯಲ್ಲ, ಬಿಟ್ಟಿ ದುಡಿಮೆ. ಮನೆಗೆ ಕರೆಸಿಕೊಳ್ಳುವುದು ಲೇಸು. ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಹೆಸರು ನೋಂದಾಯಿಸಿದ ಸಂಸ್ಥೆಯಾದರೆ ಪದವೀಧರರಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಇಟ್ಟಿತ್ತು. ಸೇರುವ ಮೊದಲು ಇದನ್ನು ಕೇಳಲು ಸಂಕೋಚ ಬೇಡ. ಹಣ ತೆಗೆದುಕೊಂಡು ಪ್ರೆಸ್ ಕಾರ್ಡ್ ಕೊಡುವವರ ಬಾಗಿಲಿಗೆ ಮಾತ್ರ ಹೋಗಲೇಬಾರದು. ಕಾರ್ಡ್ ಕೊಳ್ಳುವ ಸಾಮಾನಲ್ಲ.

ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿ ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ 70%, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟು ಮೀಸಲಿದೆ. ರಾಜಸ್ಥಾನದಿಂದ ಬಂದು ಎರಡು ಮೂರು ತಲೆಮಾರು ಇಲ್ಲೇ ನೆಲೆಸಿದ ಮನೆಗಳ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಪ್ರಮಾಣಪತ್ರ ಸಹಾಯಕ ಆಯುಕ್ತರು ಕೊಡುತ್ತಾರೆ, ಮಸ್ಕಿ ಕಡೆಯವರು ಲಿಂಗಸುಗೂರಿನ ಕಚೇರಿಗೆ ಹೋಗಬೇಕು. ಪ್ರವೇಶದ ಅರ್ಜಿ ಹಾಕುವ ಹಿಂದಿನ ದಿನ ಓಡಾಡುವ ಬದಲು ಕೊನೆಯ ವರ್ಷದ ಪದವಿಯಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಬೇಕು.