ವರ್ಷಕ್ಕೆ ಹನ್ನೆರಡು ಪುಸ್ತಕ: ಓದಿ ಮುಗಿಸಿದೆವು!

"ಮನೆಗೆಲಸದ ನಡುವೆ ಓದೋಕೆ ಪುರುಸೊತ್ತೆಲ್ಲಿ?" ಎನ್ನುವ ಗೃಹಿಣಿಯರೇ ಹೆಚ್ಚು. ನಾವೂ ಹಾಗೇ ಅನ್ನುತ್ತಿದ್ದವರೇ. ಶಿವಮೊಗ್ಗದ ಐವರು, ಭದ್ರಾವತಿಯ ಮೂವರು ಸೇರಿ ಕಳೆದ ಯುಗಾದಿಗೆ ಪಣ ತೊಟ್ಟೆವು: ತಿಂಗಳಿಗೊಂದು ಪುಸ್ತಕ, ಅದೂ ನಮ್ಮ ಜಿಲ್ಲೆಯ ನಂಟಿರುವವರದ್ದೇ. ಈ ಯುಗಾದಿಗೆ ಹನ್ನೆರಡೂ ಮುಗಿದವು!

ಕುವೆಂಪು, ಅನಂತಮೂರ್ತಿ, ಲಂಕೇಶ್, ತೇಜಸ್ವಿ... ಪಟ್ಟಿಗೇನು ಕೊರತೆ? ಎಲ್ಲರೂ ಬೆದರಿದ್ದು 'ಮಲೆಗಳಲ್ಲಿ ಮದುಮಗಳು' ಗಾತ್ರಕ್ಕೆ. ಅದನ್ನು ಆಷಾಢದ ಮಳೆಗೇ ಮೀಸಲಿಟ್ಟು, ದಿನಕ್ಕೆ ಇಪ್ಪತ್ತೈದು ಪುಟದಂತೆ ಓದಿದೆವು.

ಮನಸ್ಸು ಕಲಕಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಬಾಲವಿಧವೆಯ ಆ ಕಥೆ ಓದಿ ನಮ್ಮಲ್ಲಿ ಹಿರಿಯರೊಬ್ಬರು, "ನಮ್ಮಜ್ಜಿಯ ಅಕ್ಕನೂ ಹೀಗೇ ಇದ್ರು ಕಣ್ರೇ. ಎಲ್ಲರೂ ಮಡಿಯಮ್ಮ ಅಂತಲೇ ಕರೀತಿದ್ರು, ಹೆಸರೇ ಯಾರಿಗೂ ಗೊತ್ತಿಲ್ಲ" ಎಂದು ಕಣ್ಣೊರೆಸಿಕೊಂಡರು. ಮುಂದಿನ ತಿಂಗಳು ಹಳೇ ಜಾತಕದ ಕಟ್ಟು ಹುಡುಕಿ, ಆ ಹೆಸರು ಬರೆದುಕೊಂಡೇ ಬಂದರು. ನಮ್ಮ ಓದು ಸಾರ್ಥಕವಾಯಿತು ಅನ್ನಿಸಿದ್ದು ಆಗ.

1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ನಲವತ್ತು ದಾಟಿದ ಗೃಹಿಣಿ ಬರೆಯಲು ಕೂತರೆ, ನಾವು ಓದಲು ಕೂರಬಾರದೇ?

ನೀವೂ ಶುರು ಮಾಡುವಿರಾದರೆ ಮೂರು ಮಾತು. ಸೇರುವ ದಿನ ನಿಗದಿಯಾಗಿರಲಿ. ನಮ್ಮದು ತಿಂಗಳ ಕೊನೇ ಶನಿವಾರ, ಒಮ್ಮೆ ಇಲ್ಲಿ, ಒಮ್ಮೆ ಭದ್ರಾವತಿಯಲ್ಲಿ. ಎಲ್ಲರೂ ಕೊಳ್ಳಬೇಕಿಲ್ಲ, ಎರಡು ಪ್ರತಿ ಕೈಬದಲಾದರೆ ಸಾಕು. ತಿಂಡಿ ಮಂಡಕ್ಕಿ, ಕಾಫಿ ಮಾತ್ರ. ಇಲ್ಲದಿದ್ದರೆ ಪುಸ್ತಕ ಬಿಟ್ಟು ಮತ್ತೆ ಅಡುಗೆಮನೆಯೇ ಗತಿ!