ಬೆನ್ನುಹುರಿಯ ಪೆಟ್ಟು ಮತ್ತು ಅಲೆದಾಡುವ ನರ

ನಮ್ಮ ಬೋಗಾದಿಯ ತೋಟಗಳು ನಿವೇಶನಗಳಾಗಿ ಬಹುಕಾಲವಾಯಿತು. ಆದರೂ ಹಿತ್ತಲುಗಳಲ್ಲಿ ಒಂದೆರಡು ತೆಂಗಿನ ಮರಗಳು ಉಳಿದಿವೆ. ಕಾಯಿ ಕೀಳಲು ಹತ್ತುವವರೂ ಇದ್ದಾರೆ. ಹಾಗೆ ಹತ್ತಿ ಬಿದ್ದ ಗೃಹಸ್ಥರೊಬ್ಬರಿಗೆ ಬೆನ್ನುಹುರಿ ಘಾಸಿಗೊಂಡು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆರು ತಿಂಗಳ ತರುವಾಯ ಅವರ ಮಗ ಒಂದು ಜಾಹೀರಾತನ್ನು ತಂದು ನನ್ನ ಮುಂದಿಟ್ಟನು. ಕಿವಿಗೆ ಸಿಕ್ಕಿಸಿಕೊಳ್ಳುವ ವಿದ್ಯುತ್ ಯಂತ್ರವೊಂದು ನರವನ್ನು ಪ್ರಚೋದಿಸಿ, ಉರಿಯೂತವನ್ನು ಇಳಿಸಿ, ಬೆನ್ನುಹುರಿಯನ್ನು ಸರಿಪಡಿಸುವುದಂತೆ. “ಗುರುಗಳೇ, ಹಸು ಮಾರಿಯಾದರೂ ತರಿಸು ಅಂತಾರೆ ಅವ್ವ. ತಾವೇನು ಹೇಳ್ತೀರಿ?” ಎಂದು ಕೇಳಿದನು.

ಮಠದಲ್ಲಿ ವ್ಯಾಕರಣ ಓದಿದ ನಾನು ವೈದ್ಯನಲ್ಲ. ಆದರೂ ಹಸುವಿನ ಮಾತು ಕಾಡಿತು. ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಬೆನ್ನುಹುರಿಗೆ ಆಗುವ ಕೇಡು ಎರಡು ಬಗೆಯದು. ಮೊದಲನೆಯದು ಬಿದ್ದ ಕ್ಷಣದಲ್ಲೇ ಮುಗಿಯುತ್ತದೆ. ಎರಡನೆಯದು ಅನಂತರದ ಗಂಟೆಗಳಲ್ಲಿ, ದಿನಗಳಲ್ಲಿ ಬೆಳೆಯುತ್ತದೆ: ಬಾವು ಏರುತ್ತದೆ, ರಕ್ಷಣಾಕೋಶಗಳು ಮುತ್ತುತ್ತವೆ, ಪೆಟ್ಟು ತಗಲದ ನರತಂತುಗಳೂ ನಾಶವಾಗುತ್ತವೆ. ಇದೇ ಉರಿಯೂತ. ಆದರೆ ಸತ್ತ ಭಾಗಗಳನ್ನು ತೆರವು ಮಾಡುವುದೂ ಅದೇ ಆಗಿರುವುದರಿಂದ, ಅದನ್ನು ಪೂರ್ಣವಾಗಿ ಅಡಗಿಸುವುದು ಹಿತವಲ್ಲ. 1990ರ ಬಳಿಕ ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ಔಷಧವನ್ನು ಕೊಡುವ ಪದ್ಧತಿ ಲೋಕದಲ್ಲೆಲ್ಲ ಹಬ್ಬಿತು. ಸೋಂಕು, ಹೊಟ್ಟೆಯ ರಕ್ತಸ್ರಾವ ಮುಂತಾದ ತೊಂದರೆಗಳು ಕಂಡು, 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಸಂಘಗಳೇ ಅದು ಬೇಡವೆಂದವು.

ಇನ್ನು ಆ ನರದ ವಿಚಾರ. ಅದರ ಹೆಸರು ವೇಗಸ್. ಲ್ಯಾಟಿನ್ ಭಾಷೆಯಲ್ಲಿ ಅಲೆಯುವವನು ಎಂದರ್ಥ. ನಮ್ಮ ‘ವೇಗ’ಕ್ಕೂ ಅದಕ್ಕೂ ಸಂಬಂಧವಿಲ್ಲ. ಮಿದುಳಿನ ಬುಡದಿಂದ ಹೊರಟು ಕತ್ತಿನಲ್ಲಿ ಇಳಿದು ಹೃದಯ, ಶ್ವಾಸಕೋಶ, ಜಠರ, ಕರುಳುಗಳನ್ನು ಮುಟ್ಟುತ್ತದೆ. ಅದರ ಒಂದು ಕವಲು ಕಿವಿಯ ಚರ್ಮಕ್ಕೂ ಬರುತ್ತದೆ. ಬೆನ್ನುಹುರಿಯ ಹೊರಗೇ ಸಾಗುವುದರಿಂದ ಹುರಿ ಮುರಿದರೂ ಈ ನರ ಉಳಿಯುತ್ತದೆ. ವಿಜ್ಞಾನಿಗಳ ಆಸೆಗೆ ಇದೇ ಮೂಲ. ಮತ್ತೊಂದು ಕವಲು ಧ್ವನಿತಂತುಗಳನ್ನು ನಡೆಸುತ್ತದೆ. ಬೋಗಾದಿಯಿಂದ ನಗರಕ್ಕೆ ಹೋಗುವಾಗ ಸಿಗುವ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯವರಿಗೆ ಇದು ಪರಿಚಿತ ವಿಷಯ. ಕತ್ತಿನಲ್ಲಿ ಯಂತ್ರ ಅಳವಡಿಸಿಕೊಂಡವರ ದನಿ ವಿದ್ಯುತ್ತು ಹರಿಯುವಾಗ ಗೊಗ್ಗರಾಗುವುದು ಇದರಿಂದಲೇ.

ನ್ಯೂಯಾರ್ಕಿನ ಕೆವಿನ್ ಟ್ರೇಸಿ ಮತ್ತು ಸಂಗಡಿಗರು 2000ದಲ್ಲಿ ಇಲಿಗಳ ವೇಗಸ್ ನರಕ್ಕೆ ವಿದ್ಯುತ್ತು ಹಾಯಿಸಿ, ಉರಿಯೂತ ಹೆಚ್ಚಿಸುವ ಪದಾರ್ಥವೊಂದು ರಕ್ತದಲ್ಲಿ ತಗ್ಗುವುದನ್ನು ತೋರಿಸಿದರು. ಇಪ್ಪತ್ತೈದು ವರ್ಷಗಳ ಮೇಲೆ, 2025ರಲ್ಲಿ, ಕೀಲುಗಳ ಸಂಧಿವಾತಕ್ಕೆ ಇಂತಹ ಒಂದು ಯಂತ್ರವನ್ನು ಅಮೆರಿಕದ ಸರ್ಕಾರ ಒಪ್ಪಿತು. ಅದು ಶಸ್ತ್ರಕ್ರಿಯೆಯಿಂದ ಕತ್ತಿನೊಳಗೆ ಇಡುವಂಥದು.

ಬೆನ್ನುಹುರಿಯ ಪೆಟ್ಟಿನಲ್ಲಿ ಮಾತ್ರ ಒಂದು ತೊಡಕಿದೆ. ಈ ಉರಿಯೂತದ ಸಂದೇಶ ತಲುಪಬೇಕಾದ ಮುಖ್ಯ ಅಂಗ ಪ್ಲೀಹ. ಪ್ಲೀಹಕ್ಕೆ ಹೋಗುವ ನರವಾದರೋ ಬೆನ್ನುಹುರಿಯ ಆಜ್ಞೆಗೆ ಒಳಪಟ್ಟದ್ದು. ಕತ್ತಿನಲ್ಲಿ ಅಥವಾ ಎದೆಯ ಮೇಲ್ಭಾಗದಲ್ಲಿ ಹುರಿ ಕೆಟ್ಟರೆ ಆ ಆಜ್ಞೆಯೇ ತಪ್ಪಿ ರೋಗನಿರೋಧ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಇಲಿಯಲ್ಲಿ ಕಂಡ ಫಲವನ್ನು ನೇರವಾಗಿ ಇಂತಹ ರೋಗಿಗೆ ಹಚ್ಚಲಾಗದು.

ಜಾಹೀರಾತಿನವರು ಹೊಸ ಸುದ್ದಿಯೊಂದನ್ನೂ ಬಳಸಿಕೊಂಡಿದ್ದರು. 2025ರಲ್ಲಿ ಟೆಕ್ಸಾಸಿನ ಸಂಶೋಧಕರು ಕತ್ತಿನ ಬಳಿ ಹುರಿ ಅಪೂರ್ಣವಾಗಿ ಘಾಸಿಗೊಂಡ 19 ಮಂದಿಗೆ, ವ್ಯಾಯಾಮದ ಚಲನೆ ಸರಿಬಂದ ಗಳಿಗೆಗೇ ಹೊಂದಿಸಿ ವೇಗಸ್ ಪ್ರಚೋದನೆ ಕೊಟ್ಟರು. ಕೈಗಳ ಬಲ ಹೆಚ್ಚಿತು. ಸಂತೋಷವೇ. ಆದರೆ ಅದು ಉರಿಯೂತ ಇಳಿಸುವ ಚಿಕಿತ್ಸೆಯಲ್ಲ, ಉಳಿದ ನರಗಳಿಗೆ ಪಾಠ ಕಲಿಸುವ ಕ್ರಮ. ಕಿವಿಗೆ ಸಿಕ್ಕಿಸುವ ಯಂತ್ರದಿಂದ ಆದದ್ದೂ ಅಲ್ಲ. ಎರಡನ್ನೂ ಒಂದೇ ಎಂದು ಮಾರುವುದನ್ನು ಕಂಡು ನನಗೆ ಸಿಟ್ಟು ಬಂತು.

ಹುಡುಗನಿಗೆ ಇಷ್ಟನ್ನೂ ವಿವರಿಸಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ಪುನಶ್ಚೇತನ ವಿಭಾಗಕ್ಕೆ ತಂದೆಯವರನ್ನು ಕರೆದೊಯ್ಯುವಂತೆ ಹೇಳಿದೆನು. ಹಾಸಿಗೆ ಹುಣ್ಣು, ಮೂತ್ರದ ಸೋಂಕು ಇವೆರಡೇ ಇಂತಹವರ ಮೈಯಲ್ಲಿ ಉರಿಯೂತವನ್ನು ಮತ್ತೆಮತ್ತೆ ಕೆರಳಿಸುವಂಥವು. ಅವನ್ನು ತಡೆಯುವುದು ಇಂದೇ ನಮ್ಮ ಕೈಯಲ್ಲಿದೆ.

ಹಸು ಉಳಿಯಿತು. ಈಗ ಆ ಮನೆಯಲ್ಲಿ ಎರಡು ಗಂಟೆಗೊಮ್ಮೆ ತಂದೆಯವರನ್ನು ಮಗ್ಗುಲು ಬದಲಾಯಿಸಿ ಮಲಗಿಸುತ್ತಾರೆ. ರಾತ್ರಿಯ ಸರದಿ ಮಗನದು.